ಬಾರ್ಸಿಲೋನಾ: ಪ್ರವಾಸಿಗೆ ಮನೆ, ನಿವಾಸಿಗೆ ಬೀದಿ?

ಯುರೋಪಿನ ಒಂದು ನಗರವನ್ನು ಆರಿಸಿಕೊಂಡು ಐದಾರು ದಿನ ಇದ್ದು ಬರುವ ಪ್ರವಾಸಕ್ಕೆ ಹೊರಡುವ ಬೆಂಗಳೂರು, ಮೈಸೂರು, ಮಂಗಳೂರಿನ ಅನೇಕ ಕುಟುಂಬಗಳು ಇಂದು ಹೋಟೆಲಿಗಿಂತ ಬಾಡಿಗೆ ಅಪಾರ್ಟ್‌ಮೆಂಟನ್ನೇ ಹೆಚ್ಚು ಇಷ್ಟಪಡುತ್ತವೆ. ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಅಡುಗೆಮನೆ ಇದ್ದರೆ ಒಂದು ಹೊತ್ತಾದರೂ ಅನ್ನ, ಸಾರು ಮಾಡಿಕೊಳ್ಳಬಹುದು. ಮಾಂಸಾಹಾರ ಮುಟ್ಟದ ಹಿರಿಯರು ಜೊತೆಗಿದ್ದರೆ ಇದು ಸಣ್ಣ ಅನುಕೂಲವಲ್ಲ. ಎರಡು ಹೋಟೆಲ್ ಕೋಣೆಗಳ ಬಾಡಿಗೆಗೆ ಹೋಲಿಸಿದರೆ ನಾಲ್ಕೈದು ಮಂದಿಗೆ ಒಂದು ಮನೆ ಅಗ್ಗವಾಗುವುದೂ ಉಂಟು. ಬಟ್ಟೆ ಒಗೆಯುವ ಯಂತ್ರ, ಮಕ್ಕಳು ಓಡಾಡಲು ಒಂದು ಪಡಸಾಲೆ, ನೆರೆಹೊರೆಯ ಪೇಟೆಯಲ್ಲಿ ತರಕಾರಿ ಕೊಳ್ಳುವ ಸಂತೋಷ ಇವೆಲ್ಲ ಸೇರಿ 'ಆ ಊರಿನವರಂತೆಯೇ ಬದುಕಿ ಬಂದೆವು' ಎಂಬ ತೃಪ್ತಿ ದೊರೆಯುತ್ತದೆ.

ಆದರೆ ಆ ಊರಿನವರು ಇದೇ ತೃಪ್ತಿಯ ವಿರುದ್ಧ ತಿರುಗಿ ಬಿದ್ದಿದ್ದಾರೆ. ಸ್ಪೇನಿನ ಎರಡನೆಯ ದೊಡ್ಡ ನಗರವಾದ ಬಾರ್ಸಿಲೋನಾದಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದಿರುವ 10,101 ಅಪಾರ್ಟ್‌ಮೆಂಟ್‌ಗಳಲ್ಲಿ ಒಂದರ ಪರವಾನಗಿಯನ್ನೂ ನವೀಕರಿಸುವುದಿಲ್ಲ, 2028ರ ನವೆಂಬರ್ ವೇಳೆಗೆ ಅವೆಲ್ಲವೂ ನಿವಾಸಿಗಳ ಮನೆಗಳಾಗಿ ಮರಳಬೇಕು ಎಂದು ಮೇಯರ್ ಜಾವ್ಮೆ ಕೊಲ್‌ಬೋನಿ 2024ರ ಜೂನ್‌ನಲ್ಲಿ ಘೋಷಿಸಿದರು. ಹತ್ತು ವರ್ಷಗಳಲ್ಲಿ ನಗರದ ಮನೆ ಬಾಡಿಗೆ ಶೇಕಡಾ 68ರಷ್ಟು, ಮನೆ ಖರೀದಿ ಬೆಲೆ ಶೇಕಡಾ 38ರಷ್ಟು ಏರಿದೆ ಎಂಬುದು ಅವರು ಮುಂದಿಟ್ಟ ಕಾರಣ. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 6ರಂದು, ಸಾವಿರಾರು ನಿವಾಸಿಗಳು ಬೀದಿಗಿಳಿದರು. ಹೋಟೆಲುಗಳ ಹೊರಗೆ ಊಟಕ್ಕೆ ಕುಳಿತಿದ್ದ ಪ್ರವಾಸಿಗಳ ಮೇಲೆ ಆಟಿಕೆ ಪಿಚಕಾರಿಯಿಂದ ನೀರು ಎರಚಿದ ಚಿತ್ರಗಳು ಜಗತ್ತಿನೆಲ್ಲೆಡೆ ಪ್ರಕಟವಾದವು.

ಹೀಗಾಗಿ ಯುರೋಪಿನ ನಗರವೊಂದರಲ್ಲಿ ರಜೆಯ ಮನೆಯನ್ನು ಆರಿಸುವುದು ಬಾಡಿಗೆ, ಮೆಟ್ರೊ ನಿಲ್ದಾಣದ ದೂರ, ಹಿಂದೆ ತಂಗಿದ್ದವರು ಕೊಟ್ಟ ಅಂಕ ಇಷ್ಟನ್ನೇ ನೋಡಿ ಮುಗಿಸುವ ಕೆಲಸವಾಗಿ ಉಳಿದಿಲ್ಲ. ಆ ಮನೆಗೆ ಕಾನೂನಿನ ಆಸರೆ ಇದೆಯೇ, ನಾವು ಹೋಗುವ ಹೊತ್ತಿಗೆ ಅದು ಇರುತ್ತದೆಯೇ ಎಂಬ ಪ್ರಶ್ನೆ ಮೊದಲನೆಯದಾಗಿದೆ. ಯಾರ ಮನೆ ಅದು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ಮೀನುಗಾರರ ಕೇರಿಯಿಂದ ಆರಂಭ

ಬಾರ್ಸಿಲೋನಾ ಹೀಗಾದದ್ದು ಒಂದೇ ದಿನದಲ್ಲಲ್ಲ. 1992ರ ಒಲಿಂಪಿಕ್ಸ್‌ಗಾಗಿ ನಗರ ತನ್ನ ಕಡಲತೀರವನ್ನು ಹೊಸದಾಗಿ ಕಟ್ಟಿಕೊಂಡಿತು. ಅಲ್ಲಿಯವರೆಗೆ ಕಾರ್ಖಾನೆ, ರೈಲು ಹಳಿಗಳ ಮರೆಯಲ್ಲಿದ್ದ ಸಮುದ್ರ ಪ್ರವಾಸಿಗಳ ಆಕರ್ಷಣೆಯಾಯಿತು. ಆ ಬಳಿಕ ಅಗ್ಗದ ವಿಮಾನಗಳು ಬಂದವು. 2008ರಲ್ಲಿ ಅಮೆರಿಕದಲ್ಲಿ ಏರ್‌ಬಿಎನ್‌ಬಿ ಸಂಸ್ಥೆ ಹುಟ್ಟಿತು. ಅದೇ ವರ್ಷ ಸ್ಪೇನ್ ಆರ್ಥಿಕ ಕುಸಿತಕ್ಕೆ ಸಿಲುಕಿ, ಕೆಲಸ ಕಳೆದುಕೊಂಡ ಲಕ್ಷಾಂತರ ಜನ ಗೃಹಸಾಲದ ಕಂತು ಕಟ್ಟಲಾಗದೆ ಕಂಗೆಟ್ಟಿದ್ದರು. ಮನೆಯ ಒಂದು ಕೋಣೆಯನ್ನು ಪ್ರವಾಸಿಗೆ ಕೊಟ್ಟು ನಾಲ್ಕು ಕಾಸು ಸಂಪಾದಿಸುವುದು ಆಗ ಅನೇಕರಿಗೆ ಆಸರೆಯಂತೆಯೇ ಕಂಡಿತ್ತು.

ಆದರೆ ಕೋಣೆ ಇಡೀ ಮನೆಯಾಗಲು, ಒಂದು ಮನೆ ಹತ್ತು ಮನೆಯಾಗಲು, ಮನೆಯ ಯಜಮಾನನ ಜಾಗದಲ್ಲಿ ಹೂಡಿಕೆದಾರರ ಕಂಪನಿ ಬಂದು ಕೂರಲು ಹೆಚ್ಚು ಕಾಲ ಹಿಡಿಯಲಿಲ್ಲ. ಅತಿಥಿಯನ್ನು ಅಂಗಳದಲ್ಲೇ ಎದುರುಗೊಳ್ಳುವ ನಮ್ಮ ಕೊಡಗಿನ ಹೋಂಸ್ಟೇಯ ಕಲ್ಪನೆಗೂ ಇದಕ್ಕೂ ಅಜಗಜಾಂತರ. ಇಲ್ಲಿ ಆತಿಥೇಯನೇ ಇಲ್ಲ. ಗೋಡೆಗೆ ತಗುಲಿಹಾಕಿದ ಸಂಖ್ಯೆಬೀಗದ ಪೆಟ್ಟಿಗೆಯಲ್ಲಿ ಕೀಲಿಕೈ ಇರುತ್ತದೆ, ಅಷ್ಟೆ.

ಇದರ ಬಿಸಿ ಮೊದಲು ತಟ್ಟಿದ ಕೇರಿಗಳಲ್ಲಿ ಬಾರ್ಸಿಲೋನೆಟಾ ಪ್ರಮುಖವಾದುದು. ಬಂದರಿಗೆ ಅಂಟಿಕೊಂಡಿರುವ ಇದು ಮೀನುಗಾರರ ಮತ್ತು ಹಡಗುಕಟ್ಟೆಯ ಕಾರ್ಮಿಕರ ಹಳೆಯ ಕೇರಿ. ಇಲ್ಲಿನ ಒಂದೊಂದು ಮನೆಯನ್ನೂ ಹಿಂದೆ ನಾಲ್ಕಾಗಿ ಸೀಳಿದ್ದರಿಂದ ಎಷ್ಟೋ ಮನೆಗಳ ವಿಸ್ತೀರ್ಣ ಸುಮಾರು ಮೂವತ್ತು ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಮುನ್ನೂರು ಚದರಡಿಗಿಂತ ತುಸು ಹೆಚ್ಚು. ಇಷ್ಟು ಚಿಕ್ಕ ಮನೆಗಳ, ಇಷ್ಟು ತೆಳುವಾದ ಗೋಡೆಗಳ ನಡುವೆ ವಾರಕ್ಕೆರಡು ಬಾರಿ ಹೊಸ ತಂಡ ಬಂದು ನಸುಕಿನವರೆಗೆ ಗದ್ದಲ ಮಾಡಿದರೆ ಪಕ್ಕದ ಮನೆಯ ವೃದ್ಧೆಯ ಗತಿ ಏನು? 2014ರ ಆಗಸ್ಟ್‌ನಲ್ಲಿ ಮೂವರು ಪ್ರವಾಸಿಗಳು ಈ ಕೇರಿಯ ಅಂಗಡಿಯೊಂದಕ್ಕೆ ಬೆತ್ತಲೆಯಾಗಿಯೇ ನುಗ್ಗಿದ ಪ್ರಸಂಗ ನಿವಾಸಿಗಳ ಸಹನೆಯ ಕಟ್ಟೆ ಒಡೆಯಲು ನೆಪವಾಯಿತು. ದಿನಗಟ್ಟಲೆ ಪ್ರತಿಭಟನೆ ನಡೆಯಿತು.

ಮರುವರ್ಷವೇ ನಗರದ ರಾಜಕೀಯ ಬದಲಾಯಿತು. ಸಾಲ ತೀರಿಸಲಾಗದೆ ಮನೆಯಿಂದ ಹೊರದೂಡಲ್ಪಟ್ಟವರ ಪರ ಹೋರಾಡಿದ್ದ ಅದಾ ಕೊಲಾವ್ 2015ರಲ್ಲಿ ಮೇಯರ್ ಆದರು. ಹೊಸ ಪ್ರವಾಸಿ ವಸತಿಗಳಿಗೆ ತಡೆ ಬಿತ್ತು. 2016ರಲ್ಲಿ, ಪರವಾನಗಿ ಇಲ್ಲದ ಮನೆಗಳನ್ನು ಜಾಹೀರು ಮಾಡಿದ್ದಕ್ಕಾಗಿ ಏರ್‌ಬಿಎನ್‌ಬಿ ಮತ್ತು ಹೋಮ್‌ಅವೇ ಸಂಸ್ಥೆಗಳಿಗೆ ತಲಾ 6 ಲಕ್ಷ ಯೂರೊ ದಂಡ ವಿಧಿಸಲಾಯಿತು. 2017ರಲ್ಲಿ ಯಾವ ಭಾಗದಲ್ಲಿ ಎಷ್ಟು ಪ್ರವಾಸಿ ವಸತಿ ಇರಬಹುದೆಂದು ಮಿತಿ ಹಾಕುವ ಯೋಜನೆಗೆ ಒಪ್ಪಿಗೆ ದೊರೆಯಿತು. ಇದರ ಒಂದು ವಿಚಿತ್ರ ಫಲವೆಂದರೆ, ಹೊಸ ಪರವಾನಗಿ ನಿಂತುಹೋದ ಕಾರಣ ಹಳೆಯ ಪರವಾನಗಿಯೇ ಆಸ್ತಿಯಾಗಿಬಿಟ್ಟಿತು. ಪರವಾನಗಿ ಉಳ್ಳ ಮನೆಗೆ ಒಂದು ಬೆಲೆ, ಇಲ್ಲದ ಮನೆಗೆ ಇನ್ನೊಂದು ಬೆಲೆ.

ಕೊಲ್‌ಬೋನಿ ಅವರ ಘೋಷಣೆಗೆ ಬಲ ಬಂದದ್ದು ಕ್ಯಾಟಲೋನಿಯ ಪ್ರಾಂತ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಆಜ್ಞೆಯಿಂದ. ಮನೆಗಳ ಕೊರತೆ ಇರುವ 262 ಊರುಗಳಲ್ಲಿ ಪ್ರವಾಸಿ ಪರವಾನಗಿಗಳಿಗೆ ಅದು ಐದು ವರ್ಷದ ಆಯುಸ್ಸು ನಿಗದಿ ಮಾಡಿತು. ನವೀಕರಿಸಬೇಕೋ ಬೇಡವೋ ಎಂಬುದನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟಿತು. ಇದು ಆಸ್ತಿಯ ಹಕ್ಕಿನ ಉಲ್ಲಂಘನೆ ಎಂದು ಬಲಪಂಥೀಯ ಪೀಪಲ್ಸ್ ಪಾರ್ಟಿ ನ್ಯಾಯಾಲಯಕ್ಕೆ ಹೋಯಿತು. 2025ರ ಮಾರ್ಚ್‌ನಲ್ಲಿ ಸ್ಪೇನಿನ ಸಂವಿಧಾನ ನ್ಯಾಯಾಲಯ ಆ ಮನವಿಯನ್ನು ತಳ್ಳಿಹಾಕಿತು. ಐದು ವರ್ಷದ ಕಾಲಾವಕಾಶವೇ ಒಂದು ಬಗೆಯ ಪರಿಹಾರ ಎಂಬುದು ಸರ್ಕಾರದ ವಾದವಾಗಿತ್ತು. ಮನೆಮಾಲೀಕರ ಸಂಘ 'ಅಪಾರ್ತುರ್' ಇದನ್ನು ಒಪ್ಪಿಲ್ಲ.

ಬಾಡಿಗೆ ಇಳಿದೀತೆ?

ಇಷ್ಟೆಲ್ಲ ಮಾಡಿದರೆ ನಿವಾಸಿಗಳ ಮನೆ ಬಾಡಿಗೆ ಇಳಿಯುತ್ತದೆಯೇ ಎಂಬುದೇ ಇಡೀ ವಿವಾದದ ತಿರುಳು. ಎರಡೂ ಕಡೆಯವರು ಇದಕ್ಕೆ ಉತ್ತರ ಸಿದ್ಧವಿಟ್ಟುಕೊಂಡಿದ್ದಾರೆ. ಎರಡೂ ಅರ್ಧ ಸತ್ಯವೇ.

ಬಾರ್ಸಿಲೋನಾದಲ್ಲಿ ಎಂಟು ಲಕ್ಷದ ಆಸುಪಾಸಿನಷ್ಟು ಮನೆಗಳಿವೆ. ಅದರಲ್ಲಿ ಹತ್ತು ಸಾವಿರ ಎಂದರೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ಇಷ್ಟನ್ನು ಮುಚ್ಚಿಸಿದರೆ ನಗರದ ವಸತಿ ಸಮಸ್ಯೆ ಹೇಗೆ ಬಗೆಹರಿಯುತ್ತದೆ ಎಂದು ಮಾಲೀಕರು ಕೇಳುತ್ತಾರೆ. ಲೆಕ್ಕ ಸರಿಯೇ ಇದೆ. ಆದರೆ ಈ ಮನೆಗಳು ನಗರದ ತುಂಬ ಸಮನಾಗಿ ಹರಡಿಕೊಂಡಿಲ್ಲ. ಹಳೆಯ ಪೇಟೆ, ಅದಕ್ಕೆ ಹೊಂದಿಕೊಂಡ ಎಶಾಂಪ್ಲಾ, ಗ್ರಾಸಿಯಾದಂಥ ಭಾಗಗಳಲ್ಲಿ ದಟ್ಟವಾಗಿವೆ. 2020ರಲ್ಲಿ 'ಜರ್ನಲ್ ಆಫ್ ಅರ್ಬನ್ ಎಕನಾಮಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದ, ಬಾರ್ಸಿಲೋನಾದ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ ಈ ವ್ಯತ್ಯಾಸವನ್ನೇ ಎತ್ತಿ ತೋರಿಸುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಏರ್‌ಬಿಎನ್‌ಬಿ ಇರುವ ಕೇರಿಯಲ್ಲಿ ಅದರಿಂದ ಬಾಡಿಗೆ ಶೇಕಡಾ 1.9ರಷ್ಟು, ಮನೆಯ ಮಾರಾಟ ಬೆಲೆ ಶೇಕಡಾ 4.6ರಷ್ಟು ಏರಿದೆ. ಅದು ಅತಿ ದಟ್ಟವಾಗಿರುವ ಕೇರಿಗಳಲ್ಲಾದರೋ ಏರಿಕೆ ಕ್ರಮವಾಗಿ ಶೇಕಡಾ 7 ಮತ್ತು 17.

ಈ ಅಂಕಿಗಳನ್ನು ಮೇಯರ್ ಹೇಳಿದ ಶೇಕಡಾ 68ರ ಪಕ್ಕದಲ್ಲಿಟ್ಟು ನೋಡಬೇಕು. ಇವು ಬೇರೆ ಬೇರೆ ಅವಧಿಯ, ಬೇರೆ ಬೇರೆ ವಿಧಾನದ ಲೆಕ್ಕಗಳು, ನೇರ ಹೋಲಿಕೆ ಸಲ್ಲದು. ಆದರೂ ಪ್ರವಾಸಿ ಬಾಡಿಗೆ ಬಾಡಿಗೆ ಏರಿಕೆಯ ಒಂದು ಭಾಗವೇ ಹೊರತು ಇಡೀ ಕಥೆಯಲ್ಲ ಎಂಬುದಂತೂ ಸ್ಪಷ್ಟ. ಅತ್ತ ನ್ಯೂಯಾರ್ಕ್ 2023ರ ಸೆಪ್ಟೆಂಬರ್‌ನಿಂದ ಅಲ್ಪಾವಧಿ ಬಾಡಿಗೆಯನ್ನು ಬಹುಮಟ್ಟಿಗೆ ಅಡಗಿಸಿಬಿಟ್ಟರೂ ಅಲ್ಲಿನ ಮನೆ ಬಾಡಿಗೆ ಇಳಿಯಲಿಲ್ಲ. ವಿರೋಧಿಗಳು ಈ ಉದಾಹರಣೆಯನ್ನು ಪದೇ ಪದೇ ಮುಂದಿಡುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ದಿನದ ಬಾಡಿಗೆಯ ಬಾಗಿಲು ಮುಚ್ಚಿದರೆ ಮನೆಗಳು ನೇರವಾಗಿ ಸಂಸಾರಸ್ಥರ ಕೈಗೆ ಬರುತ್ತವೆ ಎಂಬ ಭರವಸೆ ಇಲ್ಲ. ದಿನದ ಬಾಡಿಗೆ ಮತ್ತು ವರ್ಷಗಟ್ಟಲೆಯ ಬಾಡಿಗೆಯ ನಡುವೆ 'ಋತುಮಾನದ ಬಾಡಿಗೆ' ಎಂಬ ಮೂರನೆಯ ದಾರಿ ಇದೆ. ಒಂದು ತಿಂಗಳಿಗಿಂತ ಹೆಚ್ಚು, ವರ್ಷಕ್ಕಿಂತ ಕಡಿಮೆ. ಹೊರದೇಶಗಳಿಂದ ಬಂದು ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವರು, ಅಲ್ಪಾವಧಿ ವಿದ್ಯಾರ್ಥಿಗಳು ಇದರ ಗಿರಾಕಿಗಳು. 2024ರ ಮಾರ್ಚ್‌ನಲ್ಲಿ ಸಾಮಾನ್ಯ ಬಾಡಿಗೆಗೆ ಮಿತಿ ಹೇರಿದ ಮೇಲೆ ಮಾಲೀಕರು ಈ ದಾರಿ ಹಿಡಿದರು. ಎಶಾಂಪ್ಲಾದ 'ಕಾಸಾ ಓರ್ಸೊಲಾ' ಎಂಬ ನೂರು ವರ್ಷ ಹಳೆಯ ಕಟ್ಟಡದ ಪ್ರಕರಣ ಇದಕ್ಕೆ ಸಾಕ್ಷಿ. ಹೂಡಿಕೆ ಕಂಪನಿಯೊಂದು 2021ರಲ್ಲಿ ಇಡೀ ಕಟ್ಟಡವನ್ನು ಕೊಂಡು, ಅವಧಿ ಮುಗಿದ ಹಳೆಯ ಬಾಡಿಗೆದಾರರ ಕರಾರು ನವೀಕರಿಸಲು ನಿರಾಕರಿಸಿತು. ತೆರವಾದ ಮನೆಗಳು ಋತುಮಾನದ ಬಾಡಿಗೆಗೆ ಹೋದವು. 2025ರ ಜನವರಿ ಕೊನೆಯಲ್ಲಿ ಬಾಡಿಗೆದಾರರೊಬ್ಬರನ್ನು ಹೊರಹಾಕಲು ಬಂದಾಗ ನೂರಾರು ಜನ ರಾತ್ರಿಯಿಡೀ ಕಟ್ಟಡದ ಮುಂದೆ ಕಾವಲು ಕುಳಿತರು. ಕಡೆಗೆ ಫೆಬ್ರುವರಿಯಲ್ಲಿ ನಗರಾಡಳಿತ ವಸತಿ ಪ್ರತಿಷ್ಠಾನವೊಂದರ ಜೊತೆಗೂಡಿ 92 ಲಕ್ಷ ಯೂರೊ ತೆತ್ತು ಆ ಕಟ್ಟಡವನ್ನು ಖರೀದಿಸಿತು. ಒಂದು ಕಟ್ಟಡಕ್ಕೆ 92 ಲಕ್ಷ! ನಗರದ ಪ್ರತಿ ಬೀದಿಯಲ್ಲೂ ಇದನ್ನು ಮಾಡುವುದು ಯಾವ ಬೊಕ್ಕಸಕ್ಕೂ ಸಾಧ್ಯವಿಲ್ಲ.

ಹಾಗೆಂದು ನಿಷೇಧವೇ ನಿರರ್ಥಕ ಎನ್ನಲಾಗದು. ಹತ್ತು ಮನೆಗಳ ಒಂದು ಮೆಟ್ಟಿಲಸಾಲಿನಲ್ಲಿ ಮೂರು ಪ್ರವಾಸಿ ಮನೆಗಳಿದ್ದರೆ ಉಳಿದ ಏಳು ಮನೆಯವರ ಪಾಲಿಗೆ ನಗರದ ಸರಾಸರಿ ಯಾವ ಸಮಾಧಾನವನ್ನೂ ತರುವುದಿಲ್ಲ. ಕೇರಿಯ ಕಿರಾಣಿ ಅಂಗಡಿ ಮುಚ್ಚಿ ಸೂಟ್‌ಕೇಸ್ ಕಾಯುವ ಅಂಗಡಿ ತೆರೆಯುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ. ಕೊನೆಗೆ ಪ್ರವಾಸಿ ನೋಡಬಯಸಿದ್ದ 'ಊರಿನವರ ಬದುಕು' ಎಂಬುದೇ ಅಲ್ಲಿ ಉಳಿದಿರುವುದಿಲ್ಲ. ಸ್ಪೇನಿನ ಕೇಂದ್ರ ಸರ್ಕಾರ ಈ ನೆರೆಹೊರೆಯವರಿಗೂ ಒಂದು ಅಸ್ತ್ರ ಕೊಟ್ಟಿದೆ. 2025ರ ಏಪ್ರಿಲ್ 3ರಿಂದ ಯಾವುದೇ ಕಟ್ಟಡದಲ್ಲಿ ಹೊಸದಾಗಿ ಪ್ರವಾಸಿ ಮನೆ ತೆರೆಯಬೇಕಿದ್ದರೆ ಐದರಲ್ಲಿ ಮೂರು ಪಾಲು ಮಾಲೀಕರ ಒಪ್ಪಿಗೆ ಬೇಕು.

ಆಡಳಿತದ ದ್ವಂದ್ವವನ್ನೂ ಇಲ್ಲಿ ಹೇಳಲೇಬೇಕು. ಸುಮಾರು 17 ಲಕ್ಷ ಜನರ ಈ ನಗರದಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಪ್ರವಾಸಿಗಳು ತಂಗುತ್ತಾರೆ. ಮನೆಗಳ ನಿಷೇಧ ಘೋಷಿಸಿದ ಅದೇ 2024ರಲ್ಲಿ ನಗರ 'ಅಮೆರಿಕಾಸ್ ಕಪ್' ಹಾಯಿದೋಣಿ ಸ್ಪರ್ಧೆಗೆ ಆತಿಥ್ಯ ವಹಿಸಿತು. 2025ರ ಜೂನ್‌ನಲ್ಲಿ ಪ್ರಾಂತ್ಯ ಸರ್ಕಾರ 320 ಕೋಟಿ ಯೂರೊ ವೆಚ್ಚದಲ್ಲಿ ವಿಮಾನ ನಿಲ್ದಾಣ ವಿಸ್ತರಿಸುವ ಯೋಜನೆ ಪ್ರಕಟಿಸಿತು. ಓಡುದಾರಿಯನ್ನು ಉದ್ದ ಮಾಡಿ ಮನೆಬಾಗಿಲನ್ನು ಮುಚ್ಚಿದರೆ ಬಂದವರು ಎಲ್ಲಿಗೆ ಹೋಗಬೇಕು? ಹೋಟೆಲುಗಳಿಗೆ ಎಂಬುದೇ ಉತ್ತರವಾದರೆ, ಹೋಟೆಲ್ ಉದ್ಯಮ ಈ ನಿಷೇಧದಿಂದ ಖುಷಿಪಡುವುದರಲ್ಲಿ ಆಶ್ಚರ್ಯವೇನಿಲ್ಲ.

ಸಂಖ್ಯೆ ನೋಡಿ ಮನೆ ಹಿಡಿಯಿರಿ

ಈ ಜಗ್ಗಾಟದ ನಡುವೆ ಟಿಕೆಟ್ ಕೈಯಲ್ಲಿ ಹಿಡಿದಿರುವ ನಮ್ಮ ಪ್ರವಾಸಿ ಏನು ಮಾಡಬೇಕು? 2028ರ ನವೆಂಬರ್‌ವರೆಗೆ ಪರವಾನಗಿ ಇರುವ ಮನೆಗಳು ಕಾನೂನುಬದ್ಧವೇ. ಆದ್ದರಿಂದ ಪ್ರವಾಸಿ ಅಪರಾಧಿಯಲ್ಲ. ದಂಡ ಬೀಳುವುದು ಮಾಲೀಕನಿಗೆ, ಜಾಹೀರಾತು ಹಾಕಿದ ಸಂಸ್ಥೆಗೆ. ಆದರೆ ಪರವಾನಗಿ ಇಲ್ಲದ ಮನೆಯನ್ನು ಕಾದಿರಿಸಿದವನಿಗೆ ನಷ್ಟ ತಪ್ಪಿದ್ದಲ್ಲ. 2025ರ ಮೇ ತಿಂಗಳಲ್ಲಿ ಸ್ಪೇನಿನ ಗ್ರಾಹಕ ವ್ಯವಹಾರ ಸಚಿವಾಲಯ 65 ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆದುಹಾಕುವಂತೆ ಏರ್‌ಬಿಎನ್‌ಬಿಗೆ ಆದೇಶಿಸಿತು. ಪರವಾನಗಿ ಸಂಖ್ಯೆ ಇಲ್ಲದಿರುವುದು, ತಪ್ಪು ಸಂಖ್ಯೆ ನಮೂದಿಸಿರುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು. ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಗೆ 6.4 ಕೋಟಿ ಯೂರೊ ದಂಡವನ್ನೂ ವಿಧಿಸಲಾಯಿತು.

ಜಾಹೀರಾತು ಮಾಯವಾಗಿ ಕಾದಿರಿಸಿದ ಮನೆ ರದ್ದಾದರೆ ಹಣ ಮರಳಿ ಬರಬಹುದು. ಆದರೆ ಶೆಂಗೆನ್ ವೀಸಾ ಅರ್ಜಿಯೊಂದಿಗೆ ತಂಗುವ ಸ್ಥಳದ ದಾಖಲೆ ಲಗತ್ತಿಸಬೇಕಾದ ಭಾರತೀಯನ ತಾಪತ್ರಯವೇ ಬೇರೆ. ಅರ್ಜಿಯಲ್ಲಿ ಕೊಟ್ಟ ವಿಳಾಸ ಒಂದು, ಹೋಗಿ ಇಳಿಯುವ ವಿಳಾಸ ಇನ್ನೊಂದು ಎಂದಾದರೆ ಹೊಸ ದಾಖಲೆ ಕೈಯಲ್ಲಿರಬೇಕು. ರಜೆಯ ಹೊತ್ತಿನಲ್ಲಿ, ಕೊನೆ ಗಳಿಗೆಯಲ್ಲಿ, ನಾಲ್ವರಿಗೆ ಬೇರೆ ಮನೆ ಹುಡುಕುವ ಬವಣೆ ಅನುಭವಿಸಿದವರಿಗೇ ಗೊತ್ತು.

ಆದ್ದರಿಂದ ಚಿತ್ರಗಳಿಗಿಂತ ಮೊದಲು ಸಂಖ್ಯೆ ನೋಡಬೇಕು. ಬಾರ್ಸಿಲೋನಾದ ಪ್ರವಾಸಿ ಮನೆಗಳ ಪರವಾನಗಿ 'ಎಚ್‌ಯುಟಿಬಿ' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಇದಲ್ಲದೆ 2025ರ ಜುಲೈ 1ರಿಂದ ಇಡೀ ಸ್ಪೇನಿಗೆ ಅನ್ವಯಿಸುವ ನೋಂದಣಿ ಸಂಖ್ಯೆಯೂ ಕಡ್ಡಾಯವಾಗಿದೆ. ಸಂಖ್ಯೆ ಇದ್ದ ಮಾತ್ರಕ್ಕೆ ನಂಬುವಂತಿಲ್ಲ. ಒಂದೇ ಪರವಾನಗಿಯನ್ನು ಹಲವು ಮನೆಗಳಿಗೆ ಅಂಟಿಸುವ ಚಾಣಾಕ್ಷರಿದ್ದಾರೆ. ಸಂಖ್ಯೆಯನ್ನು ನಗರಾಡಳಿತದ ಜಾಲತಾಣದಲ್ಲಿ ಪರಿಶೀಲಿಸಿ ವಿಳಾಸ ಹೊಂದುತ್ತದೆಯೇ ನೋಡಬಹುದು. ವಿಳಾಸ ಹೇಳಲು ಹಿಂಜರಿಯುವ, 'ನೆರೆಯವರು ಕೇಳಿದರೆ ಸ್ನೇಹಿತರೆನ್ನಿ' ಎನ್ನುವ ಮಾಲೀಕನ ಮನೆಯ ಸಹವಾಸವೇ ಬೇಡ.

ಅಡುಗೆಮನೆಯೇ ಮುಖ್ಯವಾದವರಿಗೆ ಇನ್ನೊಂದು ದಾರಿ ಇದೆ. ಇಡೀ ಕಟ್ಟಡವೇ ಪ್ರವಾಸಿ ಅಪಾರ್ಟ್‌ಮೆಂಟ್ ಆಗಿರುವ ವಸತಿಗಳು ಮತ್ತು ಅಪಾರ್ಟ್‌ಹೋಟೆಲುಗಳು ಕಾನೂನಿನಲ್ಲಿ ಬೇರೆಯೇ ವರ್ಗಕ್ಕೆ ಸೇರುತ್ತವೆ. 2028ರ ಗಡುವು ಅವುಗಳಿಗಿಲ್ಲ. ಬಾಡಿಗೆ ತುಸು ಹೆಚ್ಚಾದರೂ ಅಲ್ಲಿ ಒಲೆ ಇರುತ್ತದೆ, ಸ್ವಾಗತಕಾರರಿರುತ್ತಾರೆ, ಯಾವ ಸಂಸಾರದ ಗೋಡೆಯ ಆಚೆಗೂ ನಮ್ಮ ಗದ್ದಲ ಕೇಳುವುದಿಲ್ಲ. ಮಕ್ಕಳು, ಹಿರಿಯರೊಂದಿಗೆ ಹೋಗುವವರಿಗೆ ಇದೇ ಲೇಸು ಎಂಬುದು ಈ ವರದಿಗಾರನ ಅಭಿಪ್ರಾಯ.

ಬಾರ್ಸಿಲೋನಾದ ಮಹಡಿ ಲೆಕ್ಕ ಹಲವರನ್ನು ಮೋಸಗೊಳಿಸಿದೆ. ಎಶಾಂಪ್ಲಾದ ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಮೇಲೆ 'ಎಂತ್ರೆಸೋಲ್', ಅದರ ಮೇಲೆ 'ಪ್ರಿನ್ಸಿಪಾಲ್' ಎಂಬ ಮಹಡಿಗಳಿದ್ದು, ಆಮೇಲಷ್ಟೇ 'ಒಂದನೆಯ ಮಹಡಿ' ಬರುವುದುಂಟು. ಜಾಹೀರಾತಿನಲ್ಲಿ ಮೂರನೆಯ ಮಹಡಿ ಎಂದಿದ್ದರೆ ಹತ್ತಬೇಕಾದದ್ದು ಐದು ಮಹಡಿ! ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಲಿಫ್ಟ್ ಇದೆಯೇ ಎಂದು ಬರವಣಿಗೆಯಲ್ಲೇ ಕೇಳಿಟ್ಟುಕೊಳ್ಳಬೇಕು. ಹಳೆಯ ಪೇಟೆಯ ಗೋಥಿಕ್ ಕೇರಿ, ರವಾಲ್‌ಗಳಲ್ಲಿ ಲಿಫ್ಟ್ ಇಲ್ಲದ ಮನೆಗಳು ಬಹಳ.

ಪ್ರವಾಸಿ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದಾಗ ಪ್ರವಾಸಿ ಮನೆಗಳಲ್ಲಿ ತಂಗುವವರಿಗೆ ಅದು ತಲೆಗೆ, ರಾತ್ರಿಗೆ 6.25 ಯೂರೊ ಆಯಿತು. ನಾಲ್ವರು ವಯಸ್ಕರು ಐದು ರಾತ್ರಿ ಇದ್ದರೆ 125 ಯೂರೊ, ಅಂದರೆ ಹನ್ನೆರಡು ಸಾವಿರ ರೂಪಾಯಿಗೆ ಮೇಲೆಯೇ. ಆಡಳಿತದ ಒಲವು ಇದನ್ನು ಇನ್ನಷ್ಟು ಏರಿಸುವ ಕಡೆಗಿರುವುದರಿಂದ ಕಾದಿರಿಸುವ ದಿನದ ದರ ನೋಡಿಕೊಳ್ಳುವುದು ಒಳಿತು. ಮಾಲೀಕರು ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿಯಾಗಬೇಕಿಲ್ಲ. 2024ರ ಡಿಸೆಂಬರ್‌ನಿಂದ ಅತಿಥಿಗಳ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವುದು ಸ್ಪೇನಿನಲ್ಲಿ ಕಡ್ಡಾಯ.

ಒಂದೇ ನಗರದ ಪಾಡಲ್ಲ

ಬಾರ್ಸಿಲೋನಾ ಬೇಡವೆಂದು ಬೇರೆಡೆ ಹೋದರೂ ಈ ಪ್ರಶ್ನೆ ಬೆನ್ನು ಬಿಡದು. ಆಮ್‌ಸ್ಟರ್‌ಡ್ಯಾಮ್ 2019ರಲ್ಲಿ ಸ್ವಂತ ಮನೆಯನ್ನು ಪ್ರವಾಸಿಗಳಿಗೆ ಕೊಡುವ ಅವಧಿಯನ್ನು ವರ್ಷಕ್ಕೆ 60 ರಾತ್ರಿಗಳಿಂದ 30ಕ್ಕೆ ಇಳಿಸಿತು. ಪ್ಯಾರಿಸ್ 2025ರ ಆರಂಭದಿಂದ 120 ದಿನಗಳ ಮಿತಿಯನ್ನು 90ಕ್ಕೆ ತಂದಿತು. ಫ್ಲಾರೆನ್ಸ್ 2023ರಲ್ಲಿ ತನ್ನ ಐತಿಹಾಸಿಕ ಕೇಂದ್ರದಲ್ಲಿ ಹೊಸ ಅಲ್ಪಾವಧಿ ಬಾಡಿಗೆಗೆ ತಡೆ ಒಡ್ಡಿತು. ಬಾಡಿಗೆಗೆ ಪೂರ್ವಾನುಮತಿ ಕೇಳುವ ಹಕ್ಕು ನಗರಗಳಿಗೆ ಇದೆ ಎಂದು ಐರೋಪ್ಯ ನ್ಯಾಯಾಲಯ 2020ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. 2026ರ ಮೇ 20ರಿಂದ ಅನ್ವಯವಾಗುವಂತೆ ಐರೋಪ್ಯ ಒಕ್ಕೂಟ 2024ರಲ್ಲಿ ರೂಪಿಸಿದ ನಿಯಮದ ಪ್ರಕಾರ, ನೋಂದಣಿ ವ್ಯವಸ್ಥೆ ಇರುವ ಕಡೆಗಳಲ್ಲಿ ಜಾಲತಾಣಗಳು ಜಾಹೀರಾತಿನೊಂದಿಗೆ ಸಂಖ್ಯೆ ತೋರಿಸಬೇಕು, ಪ್ರತಿ ಮನೆಯಲ್ಲಿ ಎಷ್ಟು ರಾತ್ರಿ ಎಷ್ಟು ಜನ ತಂಗಿದ್ದರೆಂಬ ಮಾಹಿತಿಯನ್ನು ಅಧಿಕಾರಿಗಳಿಗೆ ಒಪ್ಪಿಸಬೇಕು.

ಇನ್ನು 2028ರ ಗಡುವು ನಿಜವಾಗಿಯೂ ಜಾರಿಯಾದೀತೆ ಎಂಬ ಪ್ರಶ್ನೆ. ನ್ಯಾಯಾಲಯದ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗಿದೆ. ರಾಜಕೀಯದ ಅಡ್ಡಿ ಹಾಗೆಯೇ ಇದೆ. ಕೊಲ್‌ಬೋನಿ ಅವರ ಸೋಷಲಿಸ್ಟ್ ಪಕ್ಷ 2023ರ ಚುನಾವಣೆಯಲ್ಲಿ ಗೆದ್ದದ್ದು 41 ಸ್ಥಾನಗಳಲ್ಲಿ ಕೇವಲ 10. ಮೊದಲ ಸ್ಥಾನವನ್ನೂ ಗಳಿಸದೆ, ಇತರರ ಬೆಂಬಲದಿಂದ ಅವರು ಮೇಯರ್ ಆದವರು. ಮುಂದಿನ ನಗರಸಭೆ ಚುನಾವಣೆ 2027ರ ಮೇ ತಿಂಗಳಿಗೆ ನಿಗದಿಯಾಗಿದೆ. ಪರವಾನಗಿಗಳ ಕೊನೆಯ ದಿನಕ್ಕೂ ಅದಕ್ಕೂ ನಡುವೆ ಹದಿನೆಂಟು ತಿಂಗಳ ಅಂತರವಿದ್ದು, ಹತ್ತು ಸಾವಿರ ಮನೆಗಳ ಕೀಲಿಕೈ ಆಗ ಯಾರ ಕೈಯಲ್ಲಿರುತ್ತದೆ ಎಂಬುದನ್ನು ನಿರ್ಧರಿಸುವುದು ಆ ಮತಪೆಟ್ಟಿಗೆಯೇ. ಅಲ್ಲಿಯವರೆಗೆ ಮಾಲೀಕರು ಕಾಯುತ್ತಾರೆ, ಬಾಡಿಗೆದಾರರೂ ಕಾಯುತ್ತಾರೆ. 2028ರ ಕ್ರಿಸ್‌ಮಸ್ ರಜೆಗೆ ಬಾರ್ಸಿಲೋನಾದಲ್ಲಿ ಅಪಾರ್ಟ್‌ಮೆಂಟ್ ತೋರಿಸಿ ಮುಂಗಡ ಕೇಳುವವರಿದ್ದರೆ ಸದ್ಯಕ್ಕೆ ಹಣ ಕಟ್ಟದಿರುವುದೇ ಕ್ಷೇಮ.